ಸದ್ದು ಎಲ್ಲಿಂದ ಅನ್ನೋದಕ್ಕೆ ಮೊದಲು, ಯಾವಾಗ ಅಂತ ಕೇಳು

ನೋಡಪ್ಪ, ನಿನ್ನ ಬೊಲೆರೊ ಪಿಕಪ್ ನಲವತ್ತೈದು ದಾಟಿದ ಕೂಡಲೇ ‘ಗುಂಯ್’ ಅಂತ ಅದುರೋಕೆ ಶುರು ಮಾಡುತ್ತೆ, ಅರವತ್ತು ದಾಟಿದರೆ ಅಡಗುತ್ತೆ ಅಂದೆಯಲ್ಲ, ಅರ್ಧ ಉತ್ತರ ಆ ಮಾತಿನಲ್ಲೇ ಇದೆ. ಗ್ಯಾರೇಜಿನವರು ಅದನ್ನು ಕಿವಿಗೆ ಹಾಕ್ಕೊಳ್ಳದೆ ಇಂಜಿನ್ ಮೌಂಟಿಂಗ್ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಈಗ ಮುಂದಿನ ಎರಡು ಟೈರೂ ಹೊಸದು ಹಾಕಿಸು ಅಂತಿದ್ದಾರೆ. ಸ್ವಲ್ಪ ತಡಿ. ಬೆಳಗಿನ ಜಾವ ಎದ್ದು ಮಡಿವಾಳ ಮಾರ್ಕೆಟ್ಟಿನಲ್ಲಿ ತರಕಾರಿ ಎತ್ತಿ, ಮಧ್ಯಾಹ್ನದ ಮೇಲೆ ಬಿಟಿಎಂನ ಪಿಜಿ ಹುಡುಗರ ಮಂಚ, ಬೀರು ಸಾಗಿಸಿ ದುಡಿದ ದುಡ್ಡು ಅದು. ಗಾಡಿ ಮೇಲೆ ಇನ್ನೂ ಕಂತು ಬೇರೆ ಇದೆ. ಊಹೆ ಮೇಲೆ ಒಂದು ಪಾರ್ಟೂ ಬದಲಾಯಿಸಬೇಡ.

ಗಾಡಿಯ ಸದ್ದು ಹುಟ್ಟೋದು ಒಂದು ಕಡೆ, ಕೇಳೋದು ಇನ್ನೊಂದು ಕಡೆ. ಕೆಳಗೆ ಉದ್ದಕ್ಕೂ ಚಾಸಿ ಇದೆ, ಎಲ್ಲವೂ ಅದಕ್ಕೇ ಬಿಗಿದಿವೆ. ಹಿಂದಿನ ಆಕ್ಸಲ್ ಹೌಸಿಂಗಿನಲ್ಲಿ ಆದ ತೊಂದರೆ ಕ್ಯಾಬಿನ್ನಿನ ಡ್ಯಾಶ್‌ಬೋರ್ಡಿನಲ್ಲಿ ಕೇಳಿಸುತ್ತೆ. ಅದಕ್ಕೇ ಕಿವಿ ತೋರಿಸಿದ ಕಡೆಗೆ ಸ್ಪ್ಯಾನರ್ ಹಿಡಿದು ಹೋದರೆ ಮೋಸ ಹೋಗ್ತೀಯ. ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ ಅನ್ನೋದು ಮಾತ್ರ ಮೋಸ ಮಾಡಲ್ಲ.

ಮೊದಲು ದುಡ್ಡು ಖರ್ಚಿಲ್ಲದ ಕೆಲಸ ಮಾಡು. ಖಾಲಿ ತೊಟ್ಟಿ ತಮಟೆ ಇದ್ದ ಹಾಗೆ, ಸಣ್ಣದೊಂದು ಸಡಿಲಿದ್ದರೂ ದೊಡ್ಡದು ಮಾಡಿ ಕೇಳಿಸುತ್ತೆ. ಸೀಟಿನ ಹಿಂದಿನ ಜಾಕಿ, ಲಿವರ್, ಟೂಲ್ಸ್ ಎಲ್ಲ ತೆಗೆದು ಮನೇಲಿಡು. ಹಿಂದಿನ ಡೋರಿನ ಕೊಂಡಿಗೆ ಹಳೇ ಟ್ಯೂಬಿನ ತುಂಡು ಸುತ್ತು. ಕೆಳಗಿನ ಸ್ಟೆಪ್ನಿಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡು. ತೊಟ್ಟಿಯನ್ನು ಚಾಸಿಗೆ ಹಿಡಿದಿರೋ ಬೋಲ್ಟ್‌ಗಳನ್ನು ಒಂದೊಂದಾಗಿ ಮುಟ್ಟು. ಸೈಲೆನ್ಸರ್ ಪೈಪನ್ನು ಎತ್ತಿ ಹಿಡಿದಿರೋ ರಬ್ಬರ್ ಹರಿದಿದ್ದರೆ ಪೈಪು ಚಾಸಿಗೆ ತಾಗುತ್ತೆ. ಲೋಹಕ್ಕೆ ಲೋಹ ತಾಗಿದ ಜಾಗ ಉಜ್ಜಿ ಹೊಳೀತಿರುತ್ತೆ, ಟಾರ್ಚ್ ಬಿಟ್ಟರೆ ಕಾಣುತ್ತೆ. ರಿಮ್ಮಿನ ಒಳಮೈಯಲ್ಲಿ ಒಣಗಿದ ಕೆಸರು ಒಂದೇ ಕಡೆ ಅಂಟಿದ್ದರೂ ಚಕ್ರ ಅದುರುತ್ತೆ. ಮಾರ್ಕೆಟ್ಟಿನ ಕೊಚ್ಚೆಯಲ್ಲಿ ಓಡೋ ಗಾಡಿಗೆ ಇದು ಮಾಮೂಲಿ.

ಆಮೇಲೆ ನಿಂತ ಜಾಗದಲ್ಲೇ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ನಿಧಾನಕ್ಕೆ ರೇಸ್ ಕೊಡು. ಅದೇ ‘ಗುಂಯ್’ ಬಂದರೆ ತೊಂದರೆ ಇಂಜಿನ್ ಕಡೆಗಿದೆ: ಮೌಂಟಿಂಗ್, ಫ್ಯಾನ್, ಆಲ್ಟರ್ನೇಟರ್ ಬ್ರಾಕೆಟ್, ಸೈಲೆನ್ಸರ್. ಬರದಿದ್ದರೆ ಓಡಿಸಿಯೇ ಹಿಡೀಬೇಕು. ನಿನ್ನ ಸ್ನೇಹಿತನ ಟಾಟಾ ಏಸ್ ನಿಂತಲ್ಲೇ ನಡುಗುತ್ತೆ ಅಂತ ಅದಕ್ಕೂ ಇದಕ್ಕೂ ಹೋಲಿಸಬೇಡ. 2005ರಲ್ಲಿ ಏಸ್ ಬಂದಾಗಲೇ ಅದಕ್ಕೆ ಇದ್ದದ್ದು ಎರಡೇ ಸಿಲಿಂಡರಿನ ಇಂಜಿನ್. ಐಡ್ಲಿಂಗಿನಲ್ಲಿ ಆ ಅದುರು ಅದರ ಹುಟ್ಟುಗುಣ. ನಿನ್ನದು ನಾಲ್ಕು ಸಿಲಿಂಡರು.

ಓಡಿಸಿ ನೋಡೋದಕ್ಕೆ ಬಿಟಿಎಂ ಒಳಗಿನ ರಸ್ತೆ ಆಗಲ್ಲ. ಹಂಪು, ಗುಂಡಿ, ಉಡುಪಿ ಗಾರ್ಡನ್ ಸಿಗ್ನಲ್ಲು, ಒಂದೇ ವೇಗದಲ್ಲಿ ಅರ್ಧ ನಿಮಿಷ ಹೋಗೋಕೂ ಬಿಡಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ 2024ರ ಜುಲೈಯಲ್ಲಿ ತೆರೆದ ಡಬಲ್ ಡೆಕ್ಕರ್ ಮೇಲ್ಸೇತುವೆ ಇದೆಯಲ್ಲ, ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ನಡುವೆ ಸಿಗ್ನಲ್ ಇಲ್ಲ. ಹೊತ್ತು ಮೂಡೋ ಮೊದಲು ಹೋಗು. ಸೇತುವೆ ಜಾಯಿಂಟುಗಳ ‘ಟಕ್ ಟಕ್’ ಲೆಕ್ಕಕ್ಕೆ ತಗೋಬೇಡ. ಪಕ್ಕದಲ್ಲಿ ಒಬ್ಬರನ್ನು ಕೂರಿಸ್ಕೊ. ಗುರುತು ಹಾಕ್ಕೊಳ್ಳೋದು ಅವರ ಕೆಲಸ, ನಿನ್ನ ಕಣ್ಣು ರಸ್ತೆ ಮೇಲೇ ಇರಬೇಕು.

ಐವತ್ತರಲ್ಲಿ ಸದ್ದು ಬಂದಾಗ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತು. ಇಂಜಿನ್ ಐಡ್ಲಿಂಗಿಗೆ ಇಳಿಯುತ್ತೆ, ಚಕ್ರ, ಪ್ರೊಪೆಲ್ಲರ್ ಶಾಫ್ಟ್ ಅದೇ ವೇಗದಲ್ಲಿ ತಿರುಗ್ತಾನೇ ಇರುತ್ತವೆ. ಸದ್ದು ಹಾಗೇ ಉಳಿದರೆ ಇಂಜಿನ್ ಮೇಲೆ ಹೊರಿಸಿದ ಅಪವಾದ ಹೋಯಿತು. ಕೀ ಮಾತ್ರ ಯಾವ ಕಾರಣಕ್ಕೂ ಆಫ್ ಮಾಡಬೇಡ. ಸ್ಟೇರಿಂಗ್ ಲಾಕ್ ಆಗಬಹುದು, ಬ್ರೇಕು ಕಲ್ಲಾಗುತ್ತೆ. ಇನ್ನೊಂದು ಸುತ್ತು ಬಂದು, ಅದೇ ಐವತ್ತರಲ್ಲಿ ಒಂದು ಗೇರ್ ಕೆಳಗೆ ಹಾಕು. ಇಂಜಿನ್ ಸುತ್ತು ಏರುತ್ತೆ, ಗಾಡಿ ವೇಗ ಏರಲ್ಲ. ಸದ್ದಿನ ರಾಗ ಬದಲಾಗದಿದ್ದರೆ ಗೇರ್ ಬಾಕ್ಸಿನಿಂದ ಹಿಂದಕ್ಕೇ ಹುಡುಕಬೇಕು ಅಂತ ಅರ್ಥ.

ಈಗ ಚಕ್ರವೋ ಶಾಫ್ಟೋ ಅನ್ನೋ ಪ್ರಶ್ನೆ. ಇದಕ್ಕೆ ಒಂದು ಲೆಕ್ಕ ಹೇಳ್ತೀನಿ, ನೆನಪಿಟ್ಕೊ. ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ನಿನ್ನ ಚಕ್ರದ ಸುತ್ತಳತೆ 2.2 ಮೀಟರ್ ಅಂದುಕೊಂಡರೆ, ಅದು ಸೆಕೆಂಡಿಗೆ ಆರು ಸುತ್ತಿಗಿಂತ ತುಸು ಹೆಚ್ಚು ಸುತ್ತುತ್ತೆ. ಹೌಸಿಂಗಿನ ಗೇರ್ ಅನುಪಾತ ನಾಲ್ಕರ ಹತ್ತಿರ ಅಂದುಕೊಂಡರೆ, ಶಾಫ್ಟು ಸೆಕೆಂಡಿಗೆ ಇಪ್ಪತ್ತೈದು ಸುತ್ತು. ಸೆಕೆಂಡಿಗೆ ಆರು ಸಲ ಅದುರಿದರೆ ಅದು ಕುಲುಕು, ಕೈಗೆ, ಸೊಂಟಕ್ಕೆ ಒಂದೊಂದೂ ಗೊತ್ತಾಗುತ್ತೆ. ಮುಂದಿನ ಚಕ್ರದ್ದಾದರೆ ಸ್ಟೇರಿಂಗಿನಲ್ಲಿ, ಹಿಂದಿನದ್ದಾದರೆ ಸೀಟಿನಲ್ಲಿ. ಇಪ್ಪತ್ತೈದು, ಐವತ್ತು ಸಲ ಅದುರಿದರೆ ಎಣಿಸೋಕಾಗಲ್ಲ, ಅದು ‘ಗುಂಯ್’ ಆಗುತ್ತೆ, ಅಂಗಾಲಿಗೆ ಫ್ಲೋರಿನಿಂದ ಬರುತ್ತೆ. ನೀನು ನನಗೆ ಹೇಳಿದ್ದು ‘ಗುಂಯ್’. ಸ್ಟೇರಿಂಗ್ ನೆಟ್ಟಗಿದೆ ಅಂತಲೂ ನೀನೇ ಹೇಳಿದೆ. ಹಾಗಿದ್ದ ಮೇಲೆ ಮುಂದಿನ ಟೈರಿಗೆ ಯಾಕೆ ದುಡ್ಡು ಸುರೀಬೇಕು?

ಹಬ್ ಬೇರಿಂಗೂ ಹೀಗೇ ಗುಂಯ್‌ಗುಟ್ಟುತ್ತೆ, ಆದರೆ ಅದು ಅರವತ್ತರಲ್ಲಿ ಸುಮ್ಮನಾಗಲ್ಲ, ವೇಗ ಏರಿದಂತೆ ಏರ್ತಾನೇ ಹೋಗುತ್ತೆ. ಉದ್ದನೆಯ ತಿರುವಿನಲ್ಲೂ ಅದರ ಸದ್ದು ಬದಲಾಗುತ್ತೆ. ಎಡಕ್ಕೆ ತಿರುಗುವಾಗ ಭಾರ ಬಲಚಕ್ರದ ಮೇಲೆ ಬೀಳುತ್ತೆ, ಆಗ ಜೋರಾದರೆ ಸಾಮಾನ್ಯವಾಗಿ ಬಲಗಡೆಯದು. ಟೈರಿನ ಸದ್ದು ಡಾಂಬರು ಬಿಟ್ಟು ಕಾಂಕ್ರೀಟಿಗೆ ಹತ್ತಿದ ಕೂಡಲೇ ರಾಗ ಬದಲಿಸುತ್ತೆ, ಶಾಫ್ಟಿನದು ಬದಲಿಸಲ್ಲ. ಒಂದು ವೇಗದಲ್ಲಿ ಹುಟ್ಟಿ ಇನ್ನೊಂದರಲ್ಲಿ ಅಡಗೋ ಗುಣ ಶಾಫ್ಟಿನ ಕಡೆಗೇ ಬೆರಳು ತೋರಿಸುತ್ತೆ.

ನಾನು ಕೇಳಿದ ಇನ್ನೊಂದು ಪ್ರಶ್ನೆಗೆ ನೀನು ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಮುಖ್ಯ. ಸದ್ದು ಶುರುವಾಗೋ ಮೊದಲು ಗಾಡಿಗೆ ಏನು ಮಾಡಿಸಿದೆ ಅಂತ ಕೇಳಿದ್ದೆ. ಕ್ಲಚ್ ಪ್ಲೇಟ್ ಹಾಕಿಸಿದೆ, ಅದೇ ವಾರ ಲೋಡಿಗೆ ತಡೀಲಿ ಅಂತ ಹಿಂದಿನ ಸ್ಪ್ರಿಂಗಿಗೆ ಒಂದು ಬ್ಲೇಡ್ ಜಾಸ್ತಿ ಸೇರಿಸಿದೆ ಅಂದೆ. ಎರಡೂ ಶಾಫ್ಟಿಗೆ ಸಂಬಂಧಪಟ್ಟ ಕೆಲಸ.

ಕ್ಲಚ್ ಬದಲಾಯಿಸೋಕೆ ಗೇರ್ ಬಾಕ್ಸ್ ಇಳಿಸಬೇಕು, ಗೇರ್ ಬಾಕ್ಸ್ ಇಳಿಸೋಕೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು. ಶಾಫ್ಟಿನ ಕ್ರಾಸ್ ಇದೆಯಲ್ಲ, ಅದು ಓರೆಯಲ್ಲಿ ತಿರುಗುವಾಗ ವೇಗವನ್ನು ಸಮವಾಗಿ ದಾಟಿಸಲ್ಲ. ಪ್ರತಿ ಸುತ್ತಿಗೆ ಎರಡು ಸಲ ಓಡುತ್ತೆ, ಎರಡು ಸಲ ತಡೆಯುತ್ತೆ. ಈ ಏರಿಳಿತವನ್ನು ಇನ್ನೊಂದು ತುದಿಯ ಕ್ರಾಸು ಸರಿತೂಗಿಸಬೇಕು. ಹಾಗಾಗಬೇಕಾದರೆ ಎರಡು ತುದಿಯ ಕವಲುಗಳೂ ಒಂದೇ ನೇರಕ್ಕಿರಬೇಕು. ಸ್ಲಿಪ್ ಜಾಯಿಂಟಿನ ಹಲ್ಲನ್ನು ಒಂದೆರಡು ಮನೆ ಆಚೀಚೆ ಕೂರಿಸಿದರೆ ಒಂದು ಇನ್ನೊಂದನ್ನು ಸರಿತೂಗಿಸೋದು ತಪ್ಪುತ್ತೆ, ಅದುರು ಹುಟ್ಟುತ್ತೆ. ಪಾರ್ಟ್ ಒಂದೂ ಕೆಟ್ಟಿರಲ್ಲ, ಜೋಡಣೆ ಮಾತ್ರ ಕೆಟ್ಟಿರುತ್ತೆ. ಕಂಪನಿಯವರು ಅದಕ್ಕೇ ಶಾಫ್ಟಿನ ಮೇಲೆ ಬಾಣದ ಗುರುತು ಹಾಕಿರ್ತಾರೆ. ಹಳೇ ಗಾಡಿಯಲ್ಲಿ ಅದು ಗ್ರೀಸು, ಮಣ್ಣಿನ ಕೆಳಗೆ ಹೂತಿರುತ್ತೆ. ಡೀಸೆಲ್ ಹಚ್ಚಿ ಉಜ್ಜು, ಕಾಣುತ್ತೆ.

ಬ್ಲೇಡಿನ ವಿಷಯ ಇನ್ನೊಂದು. ಒಂದು ಬ್ಲೇಡ್ ಸೇರಿದರೆ ಖಾಲಿ ಗಾಡಿಯ ಹಿಂಭಾಗ ಎತ್ತರಕ್ಕೆ ನಿಲ್ಲುತ್ತೆ, ಶಾಫ್ಟಿನ ಓರೆ ಬದಲಾಗುತ್ತೆ. ಲೋಡ್ ಹಾಕಿದಾಗ ಸದ್ದು ತಗ್ಗಿ, ಖಾಲಿ ಬರುವಾಗ ಹೆಚ್ಚಾದರೆ ಈ ಓರೆಯನ್ನೇ ಸಂಶಯಪಡು. ಇದಕ್ಕೊಂದು ಸುಲಭದ ಪರೀಕ್ಷೆ: ಮಾರ್ಕೆಟ್ಟಿಗೆ ಹೋಗುವಾಗ ಒಮ್ಮೆ, ತುಂಬಿಸಿಕೊಂಡು ಬರುವಾಗ ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿಸು, ಮನೇಲಿ ಕೂತು ಎರಡನ್ನೂ ಕೇಳು. ಅಂದ ಹಾಗೆ, ಬ್ಲೇಡ್ ಸೇರಿಸಿದ ಮಾತ್ರಕ್ಕೆ ಆರ್.ಸಿ. ಬುಕ್ಕಿನ ತೂಕ ಏರಲ್ಲ. ಬ್ರೇಕು, ಆಕ್ಸಲ್ಲು ಮೊದಲಿದ್ದವೇ. ಹೆಚ್ಚು ಹೇರಬೇಡಪ್ಪ, ನಿನ್ನ ಜೀವದ ಮಾತು ಇದು.

ಕೆಳಗೆ ಹೋಗುವಾಗ ಸಮತಟ್ಟಾದ ಜಾಗ ಇರಲಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಇಡು, ಇಂಜಿನ್ ಆಫ್ ಇರಲಿ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ನುಗ್ಗಬೇಡ. ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡು. ಕ್ರಾಸಿನ ಕಪ್ಪುಗಳ ಸುತ್ತ ಕೆಂಪಗೆ ತುಕ್ಕಿನ ಪುಡಿ ಇದ್ದರೆ ಒಳಗೆ ಗ್ರೀಸ್ ಒಣಗಿದೆ. ಮಧ್ಯದ ಸೆಂಟರ್ ಬೇರಿಂಗಿನ ರಬ್ಬರ್ ಸೀಳಿದ್ದರೆ ಶಾಫ್ಟ್ ನೇತಾಡುತ್ತೆ. ಆಗ ಲೋಡ್ ಹಾಕಿ ಫಸ್ಟ್ ಗೇರಿನಲ್ಲಿ ಎತ್ತುವಾಗಲೂ ‘ಗಡಗಡ’ ಅನ್ನುತ್ತೆ. ಕೊಳವೆಯ ಮೇಲೆ ಸಣ್ಣ ತಗಡಿನ ತೂಕದ ತುಂಡು ಬೆಸುಗೆ ಹಾಕಿರ್ತಾರೆ, ಅದು ಬಿದ್ದುಹೋದ ಗುರುತು ಇದೆಯಾ ನೋಡು. ಕ್ರಾಸ್ ಬೇಕೇ ಆದರೆ ಜೆ.ಸಿ. ರಸ್ತೆಗೋ ಎಸ್.ಜೆ.ಪಿ. ರಸ್ತೆಗೋ ಹೋಗುವಾಗ ಹಳೇದನ್ನು ಕೈಯಲ್ಲಿ ಹಿಡ್ಕೊಂಡೇ ಹೋಗು, ಅಳತೆ ತಾಳೆ ಆಗದೆ ಪೊಟ್ಟಣ ಒಡೆಸಬೇಡ.

ಮೆಕ್ಯಾನಿಕ್ ಹತ್ತಿರ ಹೋದಾಗ ‘ಕ್ರಾಸ್ ಹೋಗಿದೆ, ಹಾಕಿಕೊಡಿ’ ಅನ್ನಬೇಡ. ‘ಐವತ್ತರಲ್ಲಿ ಬರುತ್ತೆ, ಕ್ಲಚ್ ಒತ್ತಿದರೂ ಹೋಗಲ್ಲ, ಖಾಲಿಯಲ್ಲಿ ಹೆಚ್ಚು, ಕ್ಲಚ್ ಕೆಲಸ ಆದ ಮೇಲೆ ಶುರುವಾಯ್ತು’ ಅಂತ ನೀನು ಕಂಡದ್ದನ್ನಷ್ಟೇ ಹೇಳು, ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ತೋರಿಸು. ಕೆಲಸ ಗೊತ್ತಿರೋ ಮನುಷ್ಯನಿಗೆ ಅಷ್ಟು ಸಾಕು.

ಅಲ್ಲಿಯವರೆಗೂ ಗಾಡಿ ಓಡಿಸಲೇಬೇಕಾದರೆ ನಲವತ್ತರ ಒಳಗೇ ಇರು. ಅದುರು ಒಂದೇ ದಿನದಲ್ಲಿ ಜೋರಾದರೆ, ಗೇರ್ ಹಾಕುವಾಗ ಕೆಳಗೆ ‘ಟಣ್’ ಅಂತ ಹೊಡೆದರೆ, ಇಳಿದು ನೋಡಿದಾಗ ಒಂದು ಹಬ್ ಮಾತ್ರ ಕೈ ಇಡಲಾಗದಷ್ಟು ಬಿಸಿ ಇದ್ದರೆ, ಬಾಡಿಗೆ ಹೋದರೆ ಹೋಗಲಿ, ಅಲ್ಲೇ ನಿಲ್ಲಿಸು. ಓಡುವಾಗ ಶಾಫ್ಟಿನ ಮುಂತುದಿ ಕಳಚಿ ಬಿದ್ದರೆ ರಸ್ತೆಗೆ ಚುಚ್ಚಿಕೊಳ್ಳುತ್ತೆ. ಹೊಸೂರು ರಸ್ತೆಯಲ್ಲಿ ಹಿಂದೆ ಬೈಕಿನವರು ಎಷ್ಟು ಜನ ಇರ್ತಾರೆ ಅಂತ ನಿನಗೇ ಗೊತ್ತು.

ಶಾಫ್ಟ್ ಬಿಚ್ಚಿಸೋ ದಿನ ನನಗೊಂದು ಫೋನ್ ಮಾಡು, ಬರ್ತೀನಿ. ಸ್ಪ್ಯಾನರ್ ಹಾಕೋ ಮೊದಲು ಎರಡೂ ಕಡೆ ಬಿಳಿ ಪೇಂಟಿನಿಂದ ಗುರುತು ಹಾಕಿಸಿ, ಒಂದು ಫೋಟೋ ತೆಗೆದು ಇಟ್ಕೊಳ್ಳೋಣ.