ಶಸ್ತ್ರಕ್ರಿಯೆಗೆ ಸಮ್ಮತಿಸುವ ಮುನ್ನ

ಕೆಮ್ಮಿದಾಗ, ಸೀನಿದಾಗ, ಭಾರವನ್ನೆತ್ತಿದಾಗ ಮೂತ್ರವು ಜಿನುಗುವ ವ್ಯಾಧಿಯನ್ನು ಲಜ್ಜೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಬಳಲುವ ಸೋದರಿಯರು ಮೊದಲು ಅರಿಯತಕ್ಕದ್ದು, ಇದಕ್ಕೆ ಚಿಕಿತ್ಸೆಯುಂಟೆಂಬುದನ್ನು. ಮೂರು ತಿಂಗಳಾದರೂ ಶ್ರೋಣಿಸ್ನಾಯುಗಳ ವ್ಯಾಯಾಮವನ್ನು ಬಲ್ಲವರಿಂದ ಕಲಿತು ಮಾಡಿದ ಮೇಲೆಯೇ ಶಸ್ತ್ರಕ್ರಿಯೆಯ ಆಲೋಚನೆ ಯುಕ್ತವು.

ಈ ಶಸ್ತ್ರಕ್ರಿಯೆಯಲ್ಲಿ ಮೂತ್ರನಾಳಕ್ಕೆ ಅಡಿಯಿಂದ ಆಧಾರವಾಗಿ ಇಡುವ ಸ್ಲಿಂಗ್ ಎಂಬ ಪಟ್ಟಿಯಲ್ಲಿ ಪ್ರಭೇದಗಳುಂಟು. 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಅವರು ರೂಢಿಗೆ ತಂದಂತೆ ಪಾಲಿಪ್ರೊಪಿಲೀನ್ ಜಾಲರಿಯನ್ನು ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಹಿಂಬದಿಯಿಂದ ಮೇಲಕ್ಕೆ ಹಾಯಿಸುವಾಗ ಮೂತ್ರಾಶಯಕ್ಕೆ ಸೂಜಿ ತಾಗುವ ಭಯ ಅಧಿಕ. ತೊಡೆಸಂದಿನ ಮೂಲಕ ಹಾಯಿಸಿದರೆ ಆ ಭಯ ಕಡಿಮೆಯಾದರೂ ಅಲ್ಲಿ ನೋವುಳಿಯುವ ಸಂಭವ ಹೆಚ್ಚು, ಮುಂದೆಂದಾದರೂ ಪೂರ್ಣವಾಗಿ ತೆಗೆಯುವುದಂತೂ ಬಲು ಕಷ್ಟ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಶಸ್ತ್ರಕ್ರಿಯೆಯಾಗಿ ವರ್ಷ ತುಂಬಿದಾಗಿನ ಪರೀಕ್ಷೆಯಲ್ಲಿ ಈ ಎರಡು ಮಾರ್ಗಗಳಿಂದ ಗುಣಕಂಡವರು ಕ್ರಮವಾಗಿ ಶೇಕಡಾ 80.8 ಮತ್ತು 77.7.

ಜಾಲರಿಯೇ ಬೇಡವೆಂಬವರಿಗೆ ಸ್ವಂತ ಹೊಟ್ಟೆಯ ಅಥವಾ ತೊಡೆಯ ತಂತುಪಟಲದ ಪಟ್ಟಿಯುಂಟು. ಆದರೆ ಇದರಲ್ಲಿ ಗಾಯ ದೊಡ್ಡದು, ಮೂತ್ರವಿಸರ್ಜನೆ ಕೆಲಕಾಲ ತಡೆಯುವುದೂ ಹೆಚ್ಚು. ಜಾಲರಿಯಿಂದ ನೊಂದ ಸ್ತ್ರೀಯರ ಮೊರೆಯನ್ನಾಲಿಸಿ ಇಂಗ್ಲೆಂಡು 2018ರಲ್ಲಿ ಅದರ ಬಳಕೆಯನ್ನು ತಡೆಹಿಡಿದುದನ್ನು ನಾನು ಲಘುವಾಗಿ ಕಾಣಲಾರೆ. ಇನ್ನೂ ಮಕ್ಕಳನ್ನು ಬಯಸುವವರು ಸಾಮಾನ್ಯವಾಗಿ ಕಾಯುವುದೇ ಲೇಸು. ರುಜು ಹಾಕುವ ಮುನ್ನ, ತೊಡಕಾದರೆ ಪರಿಹರಿಸುವವರಾರೆಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ.