ಸ್ನಾಯು ಸಡಿಲಾಗಲಿಕ್ಕೂ ಶಕ್ತಿ ಬೇಕು

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಓದುಗರ ಪ್ರಶ್ನೆಗಳಿಗೆ ಶರೀರಕ್ರಿಯಾಶಾಸ್ತ್ರದ ಅಧ್ಯಾಪಕರ ಉತ್ತರ

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಎತ್ತು ಬೆಳಗಿನ ಜಾವ ಸತ್ತಿತು. ಗುಂಡಿ ತೋಡಿ ಮಣ್ಣು ಮಾಡುವ ಹೊತ್ತಿಗೆ ಕಾಲು ಮಡಚಲಿಕ್ಕೇ ಆಗಲಿಲ್ಲ. ಜೀವ ಹೋದ ಮೇಲೆ ಮೈ ಸಡಿಲಾಗಬೇಕಲ್ಲವೇ, ಸೆಟೆಯುವುದೇಕೆ?
– ರೈತ, ಶಿವನಿ

ಉತ್ತರ: ಜೀವ ಹೋದೊಡನೆ ಮೈ ಸಡಿಲಾಗುವುದು ನಿಜ. ಸೆಟೆಯುವುದು ಕೆಲವು ಗಂಟೆ ಕಳೆದ ಮೇಲೆ. ಸ್ನಾಯುವಿನ ಒಂದೊಂದು ಎಳೆಯೂ ಒಂದು ಉದ್ದನೆಯ ಜೀವಕೋಶ. ಅದರೊಳಗೆ ಎರಡು ಬಗೆಯ ಪ್ರೋಟೀನ್ ತಂತುಗಳು ಒಂದರ ಸಂದಿಗೆ ಇನ್ನೊಂದು ಸೇರಿಕೊಂಡಿರುತ್ತವೆ. ತೆಳ್ಳನೆಯದು ಆಕ್ಟಿನ್, ದಪ್ಪನೆಯದು ಮಯೊಸಿನ್. ಮಯೊಸಿನ್ ತಂತುವಿನಿಂದ ನೂರಾರು ಪುಟ್ಟ ತಲೆಗಳು ಹೊರಚಾಚಿರುತ್ತವೆ. ತಲೆ ಆಕ್ಟಿನ್ನನ್ನು ಹಿಡಿಯುತ್ತದೆ, ಬಾಗಿ ಎಳೆಯುತ್ತದೆ, ಬಿಡುತ್ತದೆ, ಮುಂದಕ್ಕೆ ಚಾಚಿ ಮತ್ತೆ ಹಿಡಿಯುತ್ತದೆ. ಬಾವಿಯಿಂದ ನೀರು ಸೇದುವವರು ಕೈ ಬದಲಿಸುತ್ತ ಹಗ್ಗ ಎಳೆದುಕೊಳ್ಳುವುದಿಲ್ಲವೇ, ಹಾಗೆ. ಒಂದು ಎಳೆತಕ್ಕೆ ಸರಿಯುವುದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲು ಮಾತ್ರ. ಲೆಕ್ಕವಿಲ್ಲದಷ್ಟು ತಲೆಗಳು ಒಟ್ಟಾಗಿ ಎಳೆಯುವುದರಿಂದ ಗಾಡಿ ಉರುಳುತ್ತದೆ.

ಈ ಎಳೆತದಲ್ಲಿ ತಂತುಗಳು ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. 1954ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಇದನ್ನು ತೋರಿಸಿಕೊಟ್ಟವು. ಒಂದರಲ್ಲಿ ಆ್ಯಂಡ್ರೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಇಬ್ಬರು ಹಕ್ಸ್‌ಲಿಗಳೂ ಸಂಬಂಧಿಕರಲ್ಲ.

ಇದಕ್ಕೆಲ್ಲ ಇಂಧನ ಎಟಿಪಿ ಎಂಬ ಅಣು. ತಲೆ ತಾನು ಹಿಡಿದ ಪಟ್ಟು ಬಿಡಬೇಕಾದರೆ ಹೊಸದೊಂದು ಎಟಿಪಿ ಬಂದು ಅದಕ್ಕೆ ಅಂಟಿಕೊಳ್ಳಲೇಬೇಕು. ಉಸಿರು ನಿಂತ ಮೇಲೆ ಎಟಿಪಿ ತಯಾರಿ ನಿಲ್ಲುತ್ತ ಬರುತ್ತದೆ. ಉಳಿದದ್ದು ಖರ್ಚಾದಾಗ ಹಿಡಿದ ತಲೆಗಳು ಹಿಡಿದಲ್ಲೇ ಉಳಿಯುತ್ತವೆ. ಸೆಕೆಯಿದ್ದರೆ, ಸಾಯುವ ಮುಂಚೆ ಪ್ರಾಣಿ ದಣಿದಿದ್ದರೆ, ಇದು ಇನ್ನೂ ಬೇಗ ಆಗುತ್ತದೆ. ಒಂದೆರಡು ದಿನದಲ್ಲಿ ಪ್ರೋಟೀನುಗಳೇ ಕಳಚಿಕೊಂಡು ಮೈ ಮತ್ತೆ ಸಡಿಲಾಗುತ್ತದೆ.

ಪ್ರಶ್ನೆ: ದಿನವಿಡೀ ತೆಂಗಿನಮರ ಹತ್ತಿ ಕಾಯಿ ಕೀಳುತ್ತೇನೆ. ರಾತ್ರಿ ಮಲಗಿದಾಗ ಮೀನಖಂಡ ಗಂಟು ಕಟ್ಟಿ ಪ್ರಾಣ ಹೋದಂತಾಗುತ್ತದೆ. ಎಟಿಪಿ ಕಡಿಮೆಯಾಗಿದೆಯೇ?
– ಕೂಲಿ ಕಾರ್ಮಿಕ, ಯಗಟಿ

ಉತ್ತರ: ಇಲ್ಲ. ನಿಮ್ಮ ಸ್ನಾಯುವಿನಲ್ಲಿ ಇಂಧನವಿದೆ, ಅದಕ್ಕೆ ಬರುತ್ತಿರುವ ಅಪ್ಪಣೆ ಅತಿಯಾಗಿದೆ. ನರದಿಂದ ಅಪ್ಪಣೆ ಬಂದಾಗ ಸ್ನಾಯುಕೋಶದೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಚೆಲ್ಲುತ್ತದೆ. ಅದು ಆಕ್ಟಿನ್ ಮೇಲಿನ ಟ್ರೊಪೊನಿನ್‌ಗೆ ಅಂಟಿ, ಮಯೊಸಿನ್ ತಲೆಗಳು ಹಿಡಿಯುವ ಜಾಗವನ್ನು ತೆರೆಯುತ್ತದೆ. ಅಪ್ಪಣೆ ನಿಂತಾಗ ಕೋಶದ ಪಂಪುಗಳು ಕ್ಯಾಲ್ಸಿಯಂ ಅನ್ನು ಮತ್ತೆ ಚೀಲಕ್ಕೆ ತುಂಬುತ್ತವೆ, ಜಾಗ ಮುಚ್ಚುತ್ತದೆ, ಸ್ನಾಯು ಸಡಿಲಾಗುತ್ತದೆ. ಎರಡು ಕ್ಯಾಲ್ಸಿಯಂ ಕಣ ತುಂಬಲು ಒಂದು ಎಟಿಪಿ ಖರ್ಚು. ದುಡಿಯುವ ಸ್ನಾಯು ಬಳಸುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಪಂಪುಗಳಿಗೇ ಹೋಗುತ್ತದೆ.

ಮೀನಖಂಡ ಹಿಡಿದಾಗ ದಣಿದ ಸ್ನಾಯುವಿನ ನರ ಸುಮ್ಮನಿರದೆ ಒಂದೇ ಸಮನೆ ಅಪ್ಪಣೆ ಕಳಿಸುತ್ತಿರುತ್ತದೆ. ಆಗ ಕೂತು, ಮಂಡಿ ನೆಟ್ಟಗಿಟ್ಟು, ಕಾಲಿನ ಬೆರಳುಗಳನ್ನು ಮೈ ಕಡೆಗೆ ಎಳೆದು ಅರೆನಿಮಿಷ ಹಿಡಿಯಿರಿ. ಸ್ನಾಯುರಜ್ಜುವಿನ ಮೇಲೆ ಎಳೆತ ಬಿದ್ದಾಗ ಅಲ್ಲಿಂದ ಬೆನ್ನುಹುರಿಗೆ ಹೋಗುವ ಸಂದೇಶ ಆ ನರವನ್ನು ತಣಿಸುತ್ತದೆ. ಮಲಗುವ ಮುಂಚೆಯೂ ಹೀಗೆ ಮಾಡಿ. ವಾರಗಟ್ಟಲೆ ಬಿಡದೆ ಬರುತ್ತಿದ್ದರೆ, ಕಾಲಿನಲ್ಲಿ ಊತವಿದ್ದರೆ, ಸಕ್ಕರೆ ಕಾಯಿಲೆ ಮತ್ತು ಥೈರಾಯಿಡ್ ಪರೀಕ್ಷೆ ಮಾಡಿಸಿ. ಬಿ.ಪಿ. ಅಥವಾ ಕೊಲೆಸ್ಟೆರಾಲ್ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ.

ಪ್ರಶ್ನೆ: ಈರುಳ್ಳಿಗೆ ನುಸಿ ಔಷಧಿ ಹೊಡೆದು ಬಂದ ನಮ್ಮ ಅಣ್ಣನಿಗೆ ರೆಪ್ಪೆ, ತೋಳು ಪಟಪಟ ಅದುರಿದವು, ಬಾಯಲ್ಲಿ ಜೊಲ್ಲು ಸುರಿಯಿತು. ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡೆವು. ಹುಳ ಕೊಲ್ಲುವ ಔಷಧಿ ಸ್ನಾಯುವಿಗೆ ಏನು ಮಾಡುತ್ತದೆ?
– ಓದುಗಿ, ಅಜ್ಜಂಪುರ

ಉತ್ತರ: ನರದ ತುದಿಯಿಂದ ಸ್ನಾಯುವಿಗೆ ಅಪ್ಪಣೆ ಒಯ್ಯುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಕೆಲಸ ಮುಗಿದೊಡನೆ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್‌ನಂಥ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಹುಳ ಸಾಯುವುದೂ ಹೀಗೆಯೇ. ಒಡೆಯುವವರಿಲ್ಲದೆ ಅಪ್ಪಣೆ ಮುಂದುವರಿಯುತ್ತದೆ. ಮೊದಲು ಸ್ನಾಯು ಅದುರುತ್ತದೆ, ಆಮೇಲೆ ಕೈಚೆಲ್ಲುತ್ತದೆ. ಉಸಿರಾಟದ ಸ್ನಾಯು ಕೈಚೆಲ್ಲಿದರೆ ಜೀವಕ್ಕೇ ಅಪಾಯ.

ಅಟ್ರೊಪಿನ್ ಚುಚ್ಚುಮದ್ದು ಜೊಲ್ಲು, ಎದೆಯ ಕಫ ತಗ್ಗಿಸಿ ಉಸಿರು ಉಳಿಸುತ್ತದೆ; ಅದುರುವುದನ್ನು ಅದು ನಿಲ್ಲಿಸದು. ಕಿಣ್ವವನ್ನು ಬಿಡಿಸಲು ಪ್ರಾಲಿಡಾಕ್ಸಿಮ್ ಇದೆ, ಅದನ್ನು ಬೇಗ ಕೊಡಬೇಕು. ಹಾಗಾಗಿ ತಡಮಾಡದೆ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆದು, 108ಕ್ಕೆ ಕರೆ ಮಾಡಿ. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ಔಷಧಿ ಡಬ್ಬದ ಚೀಟಿ ಜೊತೆಗಿರಲಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಚರ್ಮದಿಂದಲೂ ಈ ವಿಷ ಒಳಗಿಳಿಯುತ್ತದೆ.

ಪ್ರಶ್ನೆ: ಕರು ಹಾಕಿದ ಮಾರನೆಯ ದಿನ ಹಸು ಏಳಲೇ ಇಲ್ಲ, ಕತ್ತು ಪಕ್ಕೆಗೆ ತಿರುಗಿಸಿ ಮಲಗಿತ್ತು, ಕಿವಿ ತಣ್ಣಗಿತ್ತು. ಡಾಕ್ಟರು ಕ್ಯಾಲ್ಸಿಯಂ ಬಾಟಲಿ ಏರಿಸಿದರು, ಸ್ವಲ್ಪ ಹೊತ್ತಿಗೆ ಎದ್ದು ನಿಂತಿತು. ಕ್ಯಾಲ್ಸಿಯಂ ಸ್ನಾಯುವಿನೊಳಗೇ ಇರುತ್ತದಲ್ಲ, ಹೊರಗಿನಿಂದ ಏಕೆ?
– ಹೈನುಗಾರ್ತಿ, ಲಿಂಗದಹಳ್ಳಿ

ಉತ್ತರ: ಇದು ಹಾಲುಜ್ವರ, ಹೆಸರಲ್ಲಿ ಜ್ವರವಿದ್ದರೂ ಮೈ ತಣ್ಣಗಿರುತ್ತದೆ. ಗಿಣ್ಣುಹಾಲಿಗೆ ಕ್ಯಾಲ್ಸಿಯಂ ಒಮ್ಮೆಲೇ ಹರಿದುಹೋಗಿ ರಕ್ತದಲ್ಲಿ ಕೊರತೆ ಬೀಳುತ್ತದೆ. ಕಾಲಿನ ಸ್ನಾಯುವಿನ ಚೀಲ ತುಂಬಿಯೇ ಇರುತ್ತದೆ. ಆದರೆ ನರದ ತುದಿ ಅಸಿಟೈಲ್‌ಕೋಲಿನ್ ಬಿಡಬೇಕಾದರೆ ಹೊರಗಿನ ಕ್ಯಾಲ್ಸಿಯಂ ಬೇಕು. ಹೃದಯದ ಸ್ನಾಯುವಿಗಂತೂ ಪ್ರತಿ ಬಡಿತಕ್ಕೂ ಬೇಕು. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ 1883ರಲ್ಲಿ ಇದನ್ನು ಕಂಡ. ನಲ್ಲಿ ನೀರಿನ ಉಪ್ಪುದ್ರಾವಣದಲ್ಲಿ ಬಡಿಯುತ್ತಿದ್ದ ಕಪ್ಪೆಯ ಹೃದಯ, ಬಟ್ಟಿ ಇಳಿಸಿದ ನೀರಿನದರಲ್ಲಿ ನಿಂತುಹೋಯಿತು. ವ್ಯತ್ಯಾಸ ನಲ್ಲಿ ನೀರಿನ ಕ್ಯಾಲ್ಸಿಯಂ. ಆಸ್ಪತ್ರೆಯಲ್ಲಿ ಏರಿಸುವ ‘ರಿಂಗರ್ ಲ್ಯಾಕ್ಟೇಟ್’ ಬಾಟಲಿಯ ಹೆಸರು ಅವನದೇ. ಕ್ಯಾಲ್ಸಿಯಂ ರಭಸದಿಂದ ಏರಿದರೆ ಹೃದಯ ನಿಲ್ಲಬಹುದು. ಬಾಟಲಿಯನ್ನು ನೀವೇ ಏರಿಸಲು ಹೋಗಬೇಡಿ.

ಪ್ರಶ್ನೆ: ನಮ್ಮೂರ ಅಮೃತಮಹಲ್ ಎತ್ತು ದಣಿಯುವುದೇ ಇಲ್ಲ ಎನ್ನುತ್ತಾರೆ. ಅವುಗಳ ಸ್ನಾಯು ಬೇರೆಯೇ?
– ಪಿಯು ವಿದ್ಯಾರ್ಥಿ, ಅಜ್ಜಂಪುರ

ಉತ್ತರ: ಆಕ್ಟಿನ್, ಮಯೊಸಿನ್ ಎಲ್ಲ ದನಗಳಲ್ಲೂ ಇರುವವೇ. ಚಿಕ್ಕದೇವರಾಜ ಒಡೆಯರ ಕಾಲದ ಅರಮನೆಯ ದನಗಳ ಇಲಾಖೆಯಾಗಿದ್ದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಈ ದನಗಳ ಬಲದಿಂದ ಹೈದರನ ಸೇನೆ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ನಿಮ್ಮೂರಿನ ಸರ್ಕಾರಿ ತಳಿ ಸಂವರ್ಧನಾ ಕೇಂದ್ರ ಕಾಪಾಡುತ್ತಿರುವುದು ಇದೇ ತಳಿಯನ್ನು.

ಎಲ್ಲ ಪ್ರಾಣಿಗಳಲ್ಲೂ ನಿಧಾನದ ಎಳೆ, ವೇಗದ ಎಳೆ ಎಂದು ಸ್ನಾಯುವಿನಲ್ಲಿ ಎರಡು ಮುಖ್ಯ ಬಗೆ. ನಿಧಾನದ ಎಳೆಗಳು ಕೆಂಪು. ಆಮ್ಲಜನಕ ಬಳಸಿ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಾ ಅವುಗಳಲ್ಲಿ ಹೆಚ್ಚು, ಕ್ಯಾಲ್ಸಿಯಂ ಪಂಪಿನ ಖರ್ಚು ಕಡಿಮೆ. ವೇಗದ ಎಳೆಗಳು ಜೋರಾಗಿ ಎಳೆದು ಬೇಗ ಸೋಲುತ್ತವೆ. ದಿನವೂ ದೂರ ನಡೆಸಿದರೆ ಎರಡು ಬಗೆಯಲ್ಲೂ ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ಎತ್ತು ಹೆಜ್ಜೆ ಎತ್ತುವಾಗ ಕಾಲು ಮಡಚುವ ಸ್ನಾಯು ಬಿಗಿದರೆ, ಚಾಚುವ ಸ್ನಾಯು ಅದೇ ಹೊತ್ತಿಗೆ ಸಡಿಲಾಗಬೇಕು. ತಡವಾದರೆ ಒಂದು ಇನ್ನೊಂದರ ವಿರುದ್ಧವೇ ದುಡಿಯುತ್ತದೆ. ತಳಿಯ ಗುಣದ ಜೊತೆಗೆ ನಡಿಗೆಯ ಅಭ್ಯಾಸವೂ ಇರುವ ಎತ್ತು ಹೊತ್ತಿಗೆ ಸರಿಯಾಗಿ ಸಡಿಲಿಸುವುದನ್ನೂ ಕಲಿತಿರುತ್ತದೆ. ವರ್ಷವಿಡೀ ಕೊಟ್ಟಿಗೆಯಲ್ಲೇ ಕಟ್ಟಿಹಾಕಿದರೆ ಎಂಥ ಅಮೃತಮಹಲ್ ಎತ್ತೂ ದಣಿಯುತ್ತದೆ.