ಮರದ ಹುಡಿಯ ಸಂಗ್ರಹಣೆಗೆ ಸ್ವಂತ ತಯಾರಿಕೆಯ ಶೀಘ್ರ ಜೋಡಣೆಗಳು: ಕಿರು ಘಟಕಗಳಿಗೊಂದು ಅಧ್ಯಯನ

ಮಂಗಳೂರಿನ ವಾಣಿಜ್ಯ ಬದುಕಿನಲ್ಲಿ ಮರಗೆಲಸಕ್ಕೆ ಹಳೆಯ ಸ್ಥಾನವಿದೆ. 1865ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ನಂತರ ಹೆಂಚಿನ ಮಾಡು ಕರಾವಳಿಯೆಲ್ಲೆಡೆ ಹರಡಿತು. ಹೆಂಚು ಹೊರುವ ಪಕ್ಕಾಸು, ರೀಪುಗಳನ್ನು ಸಿದ್ಧಗೊಳಿಸುವ ಕೆಲಸವೂ ಅದರ ಜೊತೆಗೇ ಬೆಳೆಯಿತು. ಇಂದು ಆ ಕೆಲಸದ ಸ್ಥಾನವನ್ನು ಬಾಗಿಲು, ಕಪಾಟು, ಅಡುಗೆಮನೆಯ ಒಳಾಂಗಣ ಮತ್ತು ಪ್ಲೈವುಡ್ ಪೀಠೋಪಕರಣಗಳು ಬಹುಮಟ್ಟಿಗೆ ಆಕ್ರಮಿಸಿವೆ. ಬೈಕಂಪಾಡಿ, ಯೆಯ್ಯಾಡಿಗಳ ಕೈಗಾರಿಕಾ ಪ್ರದೇಶಗಳಲ್ಲಿ ವಿಶಾಲವಾದ ಶೆಡ್ಡುಗಳು ದೊರೆಯಬಹುದು. ಆದರೆ ನಗರದ ಒಳಭಾಗದಲ್ಲಿ, ಗಿರಾಕಿಗೆ ಹತ್ತಿರವಾಗಿ ನಡೆಯುವ ಚಿಕ್ಕ ಘಟಕದ ಸ್ಥಿತಿ ಬೇರೆಯೇ ಆಗಿದೆ.

ಹಂಪನಕಟ್ಟೆ ಮತ್ತು ಕಂಕನಾಡಿಗಳ ನಡುವಿನ ಫಳ್ನೀರ್ ಪ್ರದೇಶವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆಸ್ಪತ್ರೆ, ಶಾಲೆ, ವಸತಿ ಸಮುಚ್ಚಯಗಳು ಒತ್ತೊತ್ತಾಗಿರುವ ಇಂತಹ ಸ್ಥಳದಲ್ಲಿ ಒಬ್ಬ ಮಾಲೀಕ, ನಾಲ್ವರು ಬಡಗಿಗಳು, ಒಂದು ವೃತ್ತ ಗರಗಸ, ಒಂದು ಪ್ಲೇನರ್, ಒಂದು ಬ್ಯಾಂಡ್ ಸಾ ಮತ್ತು ಒಂದು ಸ್ಯಾಂಡರ್ ಇರುವ ಕಾರ್ಯಾಗಾರವನ್ನು ಕಲ್ಪಿಸಿಕೊಳ್ಳಬಹುದು. ಇದು ಅಧ್ಯಯನದ ಅನುಕೂಲಕ್ಕಾಗಿ ಮಾಡಿಕೊಂಡ ಮಾದರಿಯೇ ಹೊರತು ಯಾವುದೇ ನಿರ್ದಿಷ್ಟ ಸಂಸ್ಥೆಯ ವರ್ಣನೆಯಲ್ಲ. ಈ ಮಾದರಿ ಘಟಕದಲ್ಲಿ ಧೂಳು ಹೀರುವ ಯಂತ್ರವೊಂದಿದೆ. ಆದರೆ ಅದು ದಿನದ ಬಹುಪಾಲು ಸುಮ್ಮನೆ ನಿಂತಿರುತ್ತದೆ. ಕಾರಣವೇನು, ಪರಿಹಾರವೇನು, ಅದರ ಲೆಕ್ಕಪತ್ರ ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಧೂಳಿನ ಅಪಾಯ

ಪ್ಲೇನರಿನಿಂದ ಬೀಳುವ ದಪ್ಪ ಹೊಟ್ಟು ಕಣ್ಣಿಗೆ ಕಾಣುತ್ತದೆ, ಪೊರಕೆಗೆ ಸಿಗುತ್ತದೆ. ಸ್ಯಾಂಡರಿನಿಂದ ಏಳುವ ಸೂಕ್ಷ್ಮ ಹುಡಿ ಹಾಗಲ್ಲ. ಅದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ ಮತ್ತು ಶ್ವಾಸಕೋಶದ ಆಳವನ್ನು ತಲುಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗದ ಕ್ಯಾನ್ಸರ್ ಇದಕ್ಕೆ ಸಂಬಂಧಿಸಿದ ಮುಖ್ಯ ವ್ಯಾಧಿ. ಸಾಗುವಾನಿ ಮತ್ತು ಬೀಟೆಯ ಹುಡಿ ಕೆಲವರಲ್ಲಿ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ. ಎಂಡಿಎಫ್ ಹಲಗೆಯ ಹುಡಿಯಲ್ಲಿ ಮರದೊಂದಿಗೆ ಅಂಟಿನ ಅಂಶವೂ ಇರುತ್ತದೆ. ಐರೋಪ್ಯ ಒಕ್ಕೂಟವು ಗಟ್ಟಿಮರದ ಧೂಳಿನ ಮಿತಿಯನ್ನು 2023ರ ಜನವರಿಯಿಂದ ಪ್ರತಿ ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂಗೆ ಇಳಿಸಿರುವುದು ಗಮನಾರ್ಹ.

ಎರಡನೆಯ ಅಪಾಯ ಬೆಂಕಿಯದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2012ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಎರಡು ಗರಗಸದ ಗಿರಣಿಗಳು ಮರದ ಧೂಳಿನಿಂದಾಗಿ ಸ್ಫೋಟಗೊಂಡು ತಲಾ ಇಬ್ಬರು ಕಾರ್ಮಿಕರು ಮೃತಪಟ್ಟರು. ಒಣ ಹುಡಿ ತೊಲೆಗಳ ಮೇಲೆ, ವಿದ್ಯುತ್ ಪೆಟ್ಟಿಗೆಗಳ ಒಳಗೆ ಸಂಗ್ರಹವಾಗುವುದು ಚಿಕ್ಕ ಘಟಕಗಳಲ್ಲಿಯೂ ಸಾಮಾನ್ಯ.

ಕರಾವಳಿಯಲ್ಲಿ ಮಳೆಗಾಲದ ಸಮಸ್ಯೆ ಪ್ರತ್ಯೇಕವಾದುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲಿಗೆ ಹೆದರಿ ಕಿಟಕಿ ಬಾಗಿಲುಗಳನ್ನು ಮುಚ್ಚಲಾಗುತ್ತದೆ. ಹೊರಗೆ ಹೋಗಬೇಕಾದ ಧೂಳು ಒಳಗೇ ಉಳಿಯುತ್ತದೆ. ಉಳಿದ ತಿಂಗಳುಗಳಲ್ಲಿ ಅದು ನೆರೆಮನೆಯ ಬಟ್ಟೆಯ ಮೇಲೆ ಕುಳಿತು ದೂರಿಗೆ ಕಾರಣವಾಗುತ್ತದೆ.

ಕಾನೂನಿನ ನಿಲುವು

1948ರ ಕಾರ್ಖಾನೆಗಳ ಕಾಯಿದೆಯ 14ನೆಯ ಕಲಮು, ಧೂಳು ಹುಟ್ಟುವ ಸ್ಥಳಕ್ಕೆ ಆದಷ್ಟು ಹತ್ತಿರದಲ್ಲಿಯೇ ಅದನ್ನು ಹೀರಿ ತೆಗೆಯುವ ಏರ್ಪಾಟು ಇರಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಆ ಕಾಯಿದೆಯ ಸ್ಥಾನವನ್ನು ಪಡೆದಿದೆ. ವಿದ್ಯುತ್ ಬಳಸುವ ಘಟಕವು ಕಾರ್ಖಾನೆ ಎನಿಸಲು ಹಿಂದೆ 10 ಮಂದಿ ಕೆಲಸಗಾರರಿದ್ದರೆ ಸಾಕಿತ್ತು. ಸಂಹಿತೆಯಲ್ಲಿ ಆ ಸಂಖ್ಯೆ 20. ನಾಲ್ವರು ಬಡಗಿಗಳ ಘಟಕ ಈ ಮಿತಿಯ ಹೊರಗಿದೆ. ಆದರೆ ಮಿತಿಯೊಳಗಿನ ಘಟಕದ ಬಡಗಿ ಉಸಿರಾಡುವ ಧೂಳನ್ನೇ ಇಲ್ಲಿನ ಬಡಗಿಯೂ ಉಸಿರಾಡುತ್ತಾನೆ ಎಂಬುದನ್ನು ಮಾಲೀಕರು ಮರೆಯಲಾಗದು. ಹಲವು ಘಟಕಗಳಲ್ಲಿ ಮಾಲೀಕರೇ ದಿನವಿಡೀ ಗರಗಸದ ಮುಂದೆ ನಿಲ್ಲುತ್ತಾರೆ.

ಯಂತ್ರವಿದ್ದೂ ಬಳಕೆಯಿಲ್ಲದ ಸ್ಥಿತಿ

ಚಿಕ್ಕ ಘಟಕದಲ್ಲಿ ಪ್ರತಿ ಯಂತ್ರಕ್ಕೂ ಸ್ಥಿರವಾದ ಕೊಳವೆ ಎಳೆಯಲು ಸ್ಥಳವಿರುವುದಿಲ್ಲ. ಇರುವ ಒಂದೇ ಹೋಸನ್ನು ಯಂತ್ರದಿಂದ ಯಂತ್ರಕ್ಕೆ ಬದಲಿಸಬೇಕಾಗುತ್ತದೆ. ಯಂತ್ರಗಳ ಬಾಯಿಯ ಅಳತೆ ಒಂದೇ ಆಗಿರುವುದಿಲ್ಲ. ಆದ್ದರಿಂದ ಪ್ರತಿ ಬಾರಿ ಕ್ಲಿಪ್ಪಿನ ತಿರುಪು ಸಡಿಲಿಸಿ, ಹೋಸ್ ಎಳೆದು, ಮತ್ತೆ ಬಿಗಿಯಬೇಕು. ಎರಡು ಹಲಗೆ ಕೊಯ್ಯುವುದಕ್ಕಾಗಿ ಇಷ್ಟು ಶ್ರಮ ಪಡಲು ಯಾವ ಬಡಗಿಯೂ ಒಪ್ಪುವುದಿಲ್ಲ. ಆತ ಹೋಸನ್ನು ಮೂಲೆಗೆ ಸರಿಸಿ ಕೆಲಸ ಮುಗಿಸುತ್ತಾನೆ. ಇಲ್ಲಿನ ಕೊರತೆ ಶಿಸ್ತಿನದಲ್ಲ, ಜೋಡಣೆಯದು.

ಗಾಳಿಯ ಲೆಕ್ಕ

ಮರದ ಹುಡಿ ಕೊಳವೆಯಲ್ಲಿ ತಂಗದೆ ಸಾಗಬೇಕಾದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಇರಬೇಕು. 100 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ಈ ವೇಗ ಪಡೆಯಲು ಗಂಟೆಗೆ ಸುಮಾರು 565 ಘನ ಮೀಟರ್ ಗಾಳಿ ಹರಿಯಬೇಕಾಗುತ್ತದೆ. ವ್ಯಾಸವನ್ನು 50 ಮಿ.ಮೀ.ಗೆ ಇಳಿಸಿದರೆ ಕೊಳವೆಯ ಬಾಯಿ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಅದೇ ವೇಗದಲ್ಲಿ ಕೇವಲ 141 ಘನ ಮೀಟರ್ ಗಾಳಿ ಸಾಗುತ್ತದೆ. ಆದ್ದರಿಂದ ದೊಡ್ಡ ಯಂತ್ರಗಳಿಗೆ ಚಿಕ್ಕ ಕೊಳವೆ ಸಲ್ಲದು.

ಸೋರಿಕೆಯ ಲೆಕ್ಕವೂ ಅಷ್ಟೇ ಮುಖ್ಯ. 100 ಮಿ.ಮೀ. ಕೊಳವೆಯ ಸುತ್ತ 3 ಮಿ.ಮೀ. ಸಂದು ಉಳಿದರೆ ಆ ಸಂದಿನ ಒಟ್ಟು ವಿಸ್ತೀರ್ಣ ಕೊಳವೆಯ ಬಾಯಿಯ ಶೇಕಡ 12ರಷ್ಟಾಗುತ್ತದೆ. ಗಾಳಿ ತಡೆ ಕಡಿಮೆಯಿರುವ ದಾರಿಯನ್ನೇ ಹಿಡಿಯುವುದರಿಂದ ಗರಗಸದ ಬಳಿ ಹೀರಬೇಕಾದ ಶಕ್ತಿ ಈ ಸಂದಿನಲ್ಲಿ ವ್ಯಯವಾಗುತ್ತದೆ.

ಜೋಡಣೆಯ ತಯಾರಿಕೆ

ನೀರಿನ ಕೆಲಸದ ಪಿವಿಸಿ ಪೈಪುಗಳು 63, 75, 90, 110, 160 ಮಿ.ಮೀ. ಹೊರವ್ಯಾಸಗಳಲ್ಲಿ ದೊರೆಯುತ್ತವೆ. ಯಂತ್ರದ ಬಾಯಿ ಮತ್ತು ಹೋಸ್ ಸಾಮಾನ್ಯವಾಗಿ 100 ಮಿ.ಮೀ. ಅಂದಾಜಿನವು. ಆದ್ದರಿಂದ ಅಂಗಡಿಯಿಂದ ತಂದ ಪೈಪು ನೇರವಾಗಿ ಕೂರುವುದಿಲ್ಲ. 110 ಮಿ.ಮೀ. ಪೈಪನ್ನೇ ಇಡೀ ಘಟಕದ ಏಕರೂಪದ ಅಳತೆಯನ್ನಾಗಿ ಸ್ವೀಕರಿಸುವುದು ಪರಿಹಾರದ ತಿರುಳು. ಕ್ರಮ ಹೀಗಿದೆ.

1. ಯಂತ್ರದ ಕಡೆ: ಪ್ರತಿ ಯಂತ್ರದ ಬಾಯಿಗೆ 150 ಮಿ.ಮೀ. ಉದ್ದದ ಪೈಪಿನ ತುಂಡೊಂದನ್ನು ತೊಡಿಸಬೇಕು. ನಡುವಣ ಸಂದಿಗೆ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ ಸುತ್ತಿ, ಸಿಲಿಕಾನ್ ಹಚ್ಚಿ, ಚಿಕ್ಕ ತಿರುಪಿನಿಂದ ಭದ್ರಪಡಿಸಬೇಕು. ಈ ತುಂಡು ಯಂತ್ರದಲ್ಲಿಯೇ ಶಾಶ್ವತವಾಗಿ ಉಳಿಯುತ್ತದೆ. ಬಾಯಿಯ ಅಳತೆ ತೀರ ಬೇರೆಯಿದ್ದಲ್ಲಿ ಪ್ಲೈವುಡ್ ಬಳೆಯನ್ನು ನಡುವೆ ಅಂಟಿಸಬಹುದು.

2. ಅಚ್ಚು: ಚೆನ್ನಾಗಿ ಒಣಗಿದ ಗಟ್ಟಿಮರದ ಅಚ್ಚನ್ನು ಲೇತಿನಲ್ಲಿ ಕಡೆಯಬೇಕು. 50 ಮಿ.ಮೀ. ಉದ್ದದಲ್ಲಿ ಅದರ ವ್ಯಾಸ 109.5ರಿಂದ 111 ಮಿ.ಮೀ.ಗೆ ಏರಬೇಕು. ಇಳಿಜಾರಿನ ಕಾರಣ ಜೋಡಣೆ ಸುಲಭವಾಗಿ ಒಳಸರಿದು ಕೊನೆಯಲ್ಲಿ ಬಿಗಿಯಾಗುತ್ತದೆ. ಅಚ್ಚಿಗೆ ಮೇಣ ಉಜ್ಜಬೇಕು.

3. ಸಾಕೆಟ್: 200 ಮಿ.ಮೀ. ಉದ್ದದ ಇನ್ನೊಂದು ತುಂಡಿನ ಒಂದು ತುದಿಯನ್ನು ಬಿಸಿಗಾಳಿಯ ಗನ್ನಿನಿಂದ ಸುತ್ತಲೂ ಸಮನಾಗಿ ಕಾಯಿಸಬೇಕು. ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗತೊಡಗುತ್ತದೆ. ಇನ್ನಷ್ಟು ಕಾಯಿಸಿ, ಚರ್ಮದಂತೆ ಬಾಗುವ ಹದ ಬಂದೊಡನೆ ಅಚ್ಚಿನ ಮೇಲೆ ಒತ್ತಿ, ಒದ್ದೆ ಬಟ್ಟೆಯಿಂದ ತಣಿಸಿ, ಪೂರ್ತಿ ತಣಿಯುವ ಮುನ್ನ ತಿರುಗಿಸಿ ತೆಗೆಯಬೇಕು.

4. ಹೋಸಿನ ಕಡೆ: ಅದೇ ತುಂಡಿನ ಮತ್ತೊಂದು ತುದಿ 100 ಮಿ.ಮೀ. ಹೋಸಿನ ಒಳಗೆ ಕೂರಬೇಕು. 110 ಮಿ.ಮೀ. ವ್ಯಾಸಕ್ಕೂ 100 ಮಿ.ಮೀ. ವ್ಯಾಸಕ್ಕೂ ಸುತ್ತಳತೆಯಲ್ಲಿ 31 ಮಿ.ಮೀ. ವ್ಯತ್ಯಾಸವಿದೆ. ಬಾಯಿಯಲ್ಲಿ ತಲಾ 8 ಮಿ.ಮೀ. ಅಗಲವಿದ್ದು ಒಳಗೆ ಹೋದಂತೆ ಮೊನಚಾಗುವ ನಾಲ್ಕು ಸೀಳುಗಳನ್ನು ಕತ್ತರಿಸಿ, ಕಾಯಿಸಿ, ಕ್ಲಿಪ್ಪಿನಿಂದ ಬಿಗಿದು ತಣಿಸಿದರೆ ತುದಿ ಕಿರಿದಾಗುತ್ತದೆ. ಸೀಳುಗಳನ್ನು ಪೈಪಿನ ಅಂಟಿನಿಂದ ಮುಚ್ಚಿ, ಹೋಸ್ ತೊಡಿಸಿ, ಕ್ಲಿಪ್ ಹಾಕಬೇಕು. ಈ ಕ್ಲಿಪ್ಪನ್ನು ಮತ್ತೆ ಬಿಚ್ಚುವ ಅಗತ್ಯವಿಲ್ಲ.

5. ದಿಕ್ಕು: ಗಾಳಿ ಬರುವ ಕಡೆಯ ಕೊಳವೆ ಯಾವಾಗಲೂ ಮುಂದಿನ ಕೊಳವೆಯ ಒಳಗೆ ಸೇರಬೇಕು. ಮೇಲಿನ ಕ್ರಮದಲ್ಲಿ ಯಂತ್ರದ ತುಂಡು ಸಾಕೆಟ್ಟಿನ ಒಳಗೂ ಸಾಕೆಟ್ಟಿನ ಬಾಲ ಹೋಸಿನ ಒಳಗೂ ಸೇರುತ್ತದೆ. ಎಲ್ಲಿಯೂ ಹೊಟ್ಟು ಸಿಕ್ಕಿಕೊಳ್ಳುವ ಮೆಟ್ಟಿಲು ಉಳಿಯುವುದಿಲ್ಲ.

6. ಮುದ್ರೆ: ಸ್ಕೂಟರಿನ ಹಳೆಯ ಟ್ಯೂಬಿನಿಂದ ಕತ್ತರಿಸಿದ 25 ಮಿ.ಮೀ. ಅಗಲದ ಬಳೆಯನ್ನು ಸಾಕೆಟ್ಟಿನ ಅಂಚಿಗೆ ಅರ್ಧ ತೊಡಿಸಿದರೆ ಸಣ್ಣ ಸಂದುಗಳು ಮುಚ್ಚುತ್ತವೆ. ಕಂಪನ ಹೆಚ್ಚಿರುವ ಪ್ಲೇನರಿಗೆ ಪೆಟ್ಟಿಗೆಯ ಕೊಂಡಿಯೊಂದನ್ನು ಸೇರಿಸುವುದು ಲೇಸು.

ಎಚ್ಚರಿಕೆಗಳು

ಪೈಪನ್ನು ಬೆಂಕಿಯ ಜ್ವಾಲೆಗೆ ಹಿಡಿಯುವ ರೂಢಿ ಇದೆ. ಅದು ತಪ್ಪು. ಕಂದು ಬಣ್ಣಕ್ಕೆ ತಿರುಗಿದ ಪಿವಿಸಿ ಆಮ್ಲೀಯ ವಿಷಾನಿಲವನ್ನು ಬಿಡುತ್ತದೆ. ಕಾಯಿಸುವ ಕೆಲಸವನ್ನು ಹುಡಿಯಿಲ್ಲದ ತೆರೆದ ಜಾಗದಲ್ಲಿಯೇ ಮಾಡಬೇಕು. ಸೋರಿಕೆ ಪರೀಕ್ಷಿಸಲು ಊದುಬತ್ತಿಯ ಹೊಗೆ ಹಿಡಿಯುವುದು ಅತ್ಯಂತ ಅಪಾಯಕರ. ಅದರ ಕಿಡಿ ಸಂದಿನ ಮೂಲಕ ಹುಡಿಯ ಚೀಲವನ್ನು ಸೇರಬಹುದು. ತೆಳು ಕಾಗದದ ಎಳೆಯೊಂದನ್ನು ಹಿಡಿದರೆ ಅದು ಸೋರುವ ಕಡೆಗೆ ಬಾಗುತ್ತದೆ, ಅಷ್ಟು ಸಾಕು.

ಕಬ್ಬಿಣ ಉಜ್ಜುವ ಗ್ರೈಂಡರನ್ನು ಮರದ ಹುಡಿಯ ಸಂಗ್ರಾಹಕಕ್ಕೆ ಎಂದಿಗೂ ಜೋಡಿಸಬಾರದು. ಹಳೆಯ ಮರದಲ್ಲಿನ ಮೊಳೆಗಳನ್ನು ಮೊದಲೇ ಕೀಳಬೇಕು. ಹೋಸಿನೊಳಗಿನ ಉಕ್ಕಿನ ತಂತಿಯ ತುದಿಯನ್ನು ಯಂತ್ರದ ಕಾಯಕ್ಕೆ ಸೇರಿಸಿ ಭೂಸಂಪರ್ಕ ನೀಡಿದರೆ ಸ್ಥಿರವಿದ್ಯುತ್ತಿನ ತೊಂದರೆ ತಗ್ಗುತ್ತದೆ. ಮಳೆಗಾಲದಲ್ಲಿ ತೇವದ ಹುಡಿ ಬಟ್ಟೆಯ ಚೀಲವನ್ನು ಕಟ್ಟಿಸುವುದರಿಂದ ಚೀಲವನ್ನು ದಿನವೂ ಕೊಡವಿ ಬರಿದು ಮಾಡಬೇಕು. ಸಾಮಾನ್ಯ ಬಟ್ಟೆಯ ಚೀಲ ಅತಿಸೂಕ್ಷ್ಮ ಕಣಗಳನ್ನು ತಡೆಯಲಾರದು. ಆದಕಾರಣ ಸ್ಯಾಂಡರಿನ ಬಳಿ ಕೆಲಸ ಮಾಡುವವರಿಗೆ ಉತ್ತಮ ದರ್ಜೆಯ ಮುಖಗವಸು ಆಗಲೂ ಅಗತ್ಯ.

ಸಮಯದ ಲೆಕ್ಕ

ಮಾದರಿ ಘಟಕದಲ್ಲಿ ದಿನಕ್ಕೆ 12 ಬಾರಿ ಹೋಸ್ ಬದಲಾಗುತ್ತದೆ, ತಿರುಪಿನ ಕ್ಲಿಪ್ಪಿಗೆ ತಲಾ 2 ನಿಮಿಷವೂ ಹೊಸ ಜೋಡಣೆಗೆ ತಲಾ 10 ಸೆಕೆಂಡೂ ಬೇಕು ಎಂದು ಭಾವಿಸಿದರೆ ದಿನಕ್ಕೆ 22 ನಿಮಿಷ ಉಳಿಯುತ್ತದೆ. 300 ಕೆಲಸದ ದಿನಗಳಿಗೆ ಇದು 110 ಗಂಟೆ, ಅಂದರೆ ಒಬ್ಬ ಬಡಗಿಯ ಸುಮಾರು 14 ದಿನಗಳ ದುಡಿಮೆ. ತಮ್ಮ ಘಟಕದ ಅಂಕಿಗಳನ್ನು ಇದೇ ಕ್ರಮದಲ್ಲಿ ಹಾಕಿಕೊಂಡು, ಕೂಲಿಯ ದರದಿಂದ ಗುಣಿಸಿ, ಪೈಪು, ರಬ್ಬರ್, ಅಚ್ಚು ಮತ್ತು ತಯಾರಿಕೆಯ ಕೂಲಿಯ ವೆಚ್ಚದೊಂದಿಗೆ ಹೋಲಿಸಿ ನೋಡಬಹುದು.

ಲೆಕ್ಕಪುಸ್ತಕದಲ್ಲಿ

ಸಂಗ್ರಾಹಕ ಯಂತ್ರದೊಂದಿಗೆ ಮೊದಲ ಬಾರಿ ಅಳವಡಿಸುವ ಕೊಳವೆ, ಜೋಡಣೆಗಳ ಸಾಮಗ್ರಿ ಮತ್ತು ಅದಕ್ಕಾಗಿಯೇ ವ್ಯಯಿಸಿದ ಕೂಲಿಯನ್ನು ಯಂತ್ರದ ಮೂಲವೆಚ್ಚಕ್ಕೆ ಸೇರಿಸಬೇಕು. ಸವೆದ ಜೋಡಣೆಗಳ ಬದಲಾವಣೆ ದುರಸ್ತಿ ಖಾತೆಗೆ ಸೇರುತ್ತದೆ. ಸ್ವಂತ ಕೆಲಸಗಾರರಿಂದಲೇ ಮಾಡಿಸಿದ್ದರೂ ದಿನ, ಗಂಟೆ, ಸಾಮಗ್ರಿಗಳನ್ನು ನಮೂದಿಸಿದ ಒಂದು ವೋಚರ್ ಇರಬೇಕು.

1962ರ ಆದಾಯ ತೆರಿಗೆ ನಿಯಮಗಳ ಅನುಬಂಧದಲ್ಲಿ ವಾಯುಮಾಲಿನ್ಯ ನಿಯಂತ್ರಣ ಸಾಧನಗಳ ಪಟ್ಟಿಯಲ್ಲಿ ಧೂಳು ಸಂಗ್ರಾಹಕ ವ್ಯವಸ್ಥೆಯೂ ಸೇರಿತ್ತು. ಇದಕ್ಕೆ ಹಿಂದೆ ಶೇಕಡ 100 ಸವಕಳಿ ಲಭ್ಯವಿತ್ತು. 2017-18ನೆಯ ಹಣಕಾಸು ವರ್ಷದಿಂದ ಅದು ಶೇಕಡ 40 ಆಯಿತು. ಸಾಮಾನ್ಯ ಯಂತ್ರಗಳಿಗೆ ದೊರೆಯುತ್ತಿದ್ದುದು ಶೇಕಡ 15. ಅನೇಕ ಕಿರು ಘಟಕಗಳು ಸಂಗ್ರಾಹಕವನ್ನು ಸಾಮಾನ್ಯ ಯಂತ್ರವೆಂದೇ ಬರೆದುಕೊಂಡರೆ ಈ ವ್ಯತ್ಯಾಸದ ಲಾಭ ಕೈತಪ್ಪುತ್ತದೆ. 2025ರ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಅನ್ವಯಿಸುವುದರಿಂದ, ಆ ನಂತರದ ವರ್ಷಗಳಿಗೆ ಹೊಸ ನಿಯಮಗಳ ಪಟ್ಟಿಯನ್ನೇ ಆಧಾರವಾಗಿ ಹಿಡಿಯಬೇಕು. ಅಂದಾಜು ಆದಾಯದ ಯೋಜನೆಯಲ್ಲಿ ತೆರಿಗೆ ಕಟ್ಟುವವರಿಗೆ ಪ್ರತ್ಯೇಕ ಸವಕಳಿಯಿಲ್ಲ. ಜಿಎಸ್‌ಟಿಯ ಸಂಯೋಜನಾ ಯೋಜನೆಯಲ್ಲಿರುವವರಿಗೆ ಹೂಡುವಳಿ ತೆರಿಗೆ ಜಮೆ ಇಲ್ಲ. ಜಮೆ ಪಡೆದವರು ಅದೇ ತೆರಿಗೆಯ ಮೊತ್ತಕ್ಕೆ ಸವಕಳಿ ಕೇಳುವಂತಿಲ್ಲ.

ಸಂಗ್ರಹವಾದ ಹುಡಿಯನ್ನು ಮಾರಿದರೆ ಅದು ಉಪ ಉತ್ಪನ್ನದ ಮಾರಾಟ. ಅದಕ್ಕೂ ಬಿಲ್ಲು ಬೇಕು. ಪ್ಲೈವುಡ್ ಮತ್ತು ಎಂಡಿಎಫ್ ಹುಡಿಯನ್ನು ಶುದ್ಧ ಮರದ ಹುಡಿಯೊಡನೆ ಬೆರೆಸಿ ಕೋಳಿ ಫಾರಂಗಳಿಗೆ ಕೊಡಬಾರದು.

ಉಪಸಂಹಾರ

ತೆರಿಗೆಯ ದೃಷ್ಟಿಯಿಂದ ಸವಕಳಿ ದೊರೆಯಬೇಕಾದರೆ ಆಸ್ತಿಯು ವ್ಯವಹಾರಕ್ಕಾಗಿ ಬಳಕೆಯಾಗಿರಬೇಕು. ಮೂಲೆಯಲ್ಲಿ ನಿಂತ ಸಂಗ್ರಾಹಕ ಪುಸ್ತಕದಲ್ಲಿ ಆಸ್ತಿಯಾಗಿ ಕಾಣಿಸಿಕೊಂಡರೂ ಬಡಗಿಯ ಉಸಿರಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಆಸಕ್ತ ಮಾಲೀಕರು ಮೊದಲು ಒಂದು ವಾರ ತಮ್ಮ ಘಟಕದಲ್ಲಿ ಹೋಸ್ ಎಷ್ಟು ಬಾರಿ ಬದಲಾಯಿತು, ಎಷ್ಟು ಬಾರಿ ಬದಲಾಗದೆಯೇ ಯಂತ್ರ ಓಡಿತು ಎಂಬುದನ್ನು ಹಲಗೆಯ ಮೇಲೆ ಗುರುತು ಹಾಕಿಸುವುದು ಒಳ್ಳೆಯದು. ನಂತರ ಅತಿ ಹೆಚ್ಚು ಹುಡಿ ಮಾಡುವ ಎರಡು ಯಂತ್ರಗಳಿಗೆ ಮಾತ್ರ ಜೋಡಣೆ ತಯಾರಿಸಿ, ಮತ್ತೊಂದು ವಾರದ ಗುರುತುಗಳೊಂದಿಗೆ ಹೋಲಿಸಬಹುದು. ಉಳಿದ ಯಂತ್ರಗಳಿಗೆ ಖರ್ಚು ಮಾಡಬೇಕೆ ಎಂಬ ಪ್ರಶ್ನೆಗೆ ಆ ಹಲಗೆಯೇ ಉತ್ತರ ನೀಡುತ್ತದೆ.